ಪದಚರ್ಚೆ: ‘ಕೊಂದಾಟ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದದ ಮುಂದೆ ನಾಲ್ಕು ದಿನಗಳಿಂದ ಕುಳಿತಿದ್ದೇನೆ. ನಮ್ಮ ಊರಿನ ಚಿತ್ರಾಸಕ್ತರ ಸಣ್ಣ ಗುಂಪೊಂದು ಕಿಂಜಿ ಫುಕಾಸಾಕು ನಿರ್ದೇಶಿಸಿದ 2000ದ ಜಪಾನಿ ಚಿತ್ರ ‘ಬ್ಯಾಟಲ್ ರೊಯಾಲ್’ ತೋರಿಸಲಿದೆ. ಅದಕ್ಕೆ ಎರಡು ಪುಟದ ಕನ್ನಡ ಟಿಪ್ಪಣಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನೋಡದವರಿಗಾಗಿ ಕಥೆ ಇಷ್ಟು: ದೇಶ ಕುಸಿದಿದೆ. ನಿರುದ್ಯೋಗ ಶೇ. 15. ಎಂಟು ಲಕ್ಷ ವಿದ್ಯಾರ್ಥಿಗಳು ಶಾಲೆಗೆ ಬೆನ್ನು ತಿರುಗಿಸಿದ್ದಾರೆ. ಮಕ್ಕಳಿಗೆ ಹೆದರಿದ ಹಿರಿಯರು ಒಂದು ಕಾಯ್ದೆ ತರುತ್ತಾರೆ. ಅದರಂತೆ ಒಂಬತ್ತನೆಯ ತರಗತಿಯ ವಯಸ್ಸಿನ 42 ಮಕ್ಕಳನ್ನು ದ್ವೀಪವೊಂದಕ್ಕೆ ಒಯ್ದು, ಕೊರಳಿಗೆ ಸಿಡಿಯುವ ಪಟ್ಟಿ ಬಿಗಿದು, ಮೂರು ದಿನಗಳ ಗಡುವು ಕೊಡುತ್ತಾರೆ. ಕೊನೆಗೆ ಒಬ್ಬರು ಮಾತ್ರ ಉಳಿಯಬೇಕು.

ನನ್ನನ್ನು ಹಿಡಿದು ನಿಲ್ಲಿಸಿರುವುದು ಚಿತ್ರದಲ್ಲಿ ಬರುವ ಮೇಷ್ಟ್ರ ಒಂದು ಮಾತು. ಅವನ ಹೆಸರು ಕಿತಾನೊ. ಪಾತ್ರ ಮಾಡಿದವರೂ ತಕೇಶಿ ಕಿತಾನೊ ಅವರೇ. ಮಕ್ಕಳು ಎಚ್ಚರವಾದಾಗ ಅದೇ ಬೆಂಚು, ಅದೇ ಕಪ್ಪುಹಲಗೆ ಇರುವ ಕೋಣೆ. ಪಾಠದ ನಡುವೆ ಪಿಸುಗುಟ್ಟಿದ ಹುಡುಗಿಯ ಹಣೆಗೆ ಚೂರಿ ಎಸೆಯುವ ಈ ಮನುಷ್ಯನ ದನಿ ಮಾತ್ರ ಹಾಜರಿ ಕರೆಯುವವನದು. ಅವನು ಹೇಳುವುದು: ‘ಕ್ಯೋ ವ ಮಿನಾಸನ್ ನಿ ಚೊತ್ತೊ ಕೊರೊಶಿಆಯಿ ಒ ಶಿತೆ ಮೊರಾಯಿಮಸು.’

ಮೊದಲು ‘ಚೊತ್ತೊ’ ನೋಡಿ. ‘ಸ್ವಲ್ಪ’ ಎಂದರ್ಥ. ನಾನು ನೋಡಿದ ಇಂಗ್ಲಿಷ್ ಅಡಿಬರಹದಲ್ಲಿ ಅದು ಮಾಯವಾಗಿದೆ, ಅದರೊಂದಿಗೆ ಮಾತಿನ ವಿಷವೂ. ಕನ್ನಡಕ್ಕೆ ಆ ಕಷ್ಟವಿಲ್ಲ. ‘ಸ್ವಲ್ಪ ಸರಿದುಕೊಳ್ಳಿ’, ‘ಸ್ವಲ್ಪ ಇಲ್ಲಿ ಸಹಿ ಹಾಕಿ’ ಎನ್ನುತ್ತೇವಲ್ಲ, ಅದೇ ಸ್ವಲ್ಪ. ಅರ್ಧ ಸಹಿ ಸಾಕು ಎಂದು ಯಾರೂ ತಿಳಿಯುವುದಿಲ್ಲ. ‘ಶಿತೆ ಮೊರಾಯಿಮಸು’ ಎಂಬುದನ್ನು ಪದಶಃ ‘ಮಾಡಿಸಿಕೊಳ್ಳುತ್ತೇನೆ’ ಎಂದರೆ ದರ್ಪ ಹೆಚ್ಚಾಗುತ್ತದೆ. ಸುತ್ತೋಲೆಯ ಧಾಟಿಯ ‘ಬೇಕಾಗಿದೆ’ ಸಾಕೆನಿಸಿತು. ‘ಮಕ್ಕಳೇ, ಈ ದಿನ ನೀವೆಲ್ಲರೂ ಸ್ವಲ್ಪ ... ನಡೆಸಬೇಕಾಗಿದೆ.’ ಇಲ್ಲಿಯವರೆಗೆ ಸರಿ. ಆ ಮೂರು ಚುಕ್ಕಿಗಳ ಜಾಗದಲ್ಲಿ ಬರಬೇಕಾದ ‘ಕೊರೊಶಿಆಯಿ’ಯೇ ತಲೆನೋವು.

ಜಪಾನಿಯಲ್ಲಿ ‘ಕೊರೊಸು’ ಎಂದರೆ ಕೊಲ್ಲು. ಅದಕ್ಕೆ ‘ಆಯಿ’ ಸೇರಿದರೆ ಕೆಲಸ ಇಬ್ಬದಿಯದಾಗುತ್ತದೆ. ‘ನಗುರಿಆಯಿ’ ಹೊಡೆದಾಟ, ‘ತಸುಕೆಆಯಿ’ ಪರಸ್ಪರ ನೆರವು. ನೆರವಾಗುವುದಕ್ಕೂ ಕೊಲ್ಲುವುದಕ್ಕೂ ಒಂದೇ ಬಾಲ. ನಮ್ಮಲ್ಲಿ ಈ ಕೆಲಸಕ್ಕೆ ‘ಆಟ’ ಇದೆ: ಬಡಿದಾಟ, ಗುದ್ದಾಟ, ಕಚ್ಚಾಟ, ಕಿತ್ತಾಟ, ನೂಕಾಟ, ಕಾದಾಟ. (ಒದ್ದಾಟ, ನರಳಾಟ, ಓಡಾಟಗಳನ್ನು ಒಬ್ಬರೇ ಮಾಡಬಹುದು, ಅದು ಬೇರೆ ಜಗಳ.) ಇಷ್ಟೆಲ್ಲ ಇರುವಾಗ ಕೊಲ್ಲುವುದಕ್ಕೆ ಮಾತ್ರ ‘ಆಟ’ ಏಕೆ ಸೇರಲಿಲ್ಲ? ಹೊಡೆದವನಿಗೆ ತಿರುಗಿ ಹೊಡೆಯಬಹುದು, ಕೊಂದವನನ್ನು ಸತ್ತವನು ತಿರುಗಿ ಕೊಲ್ಲಲಾರ ಎಂಬ ತರ್ಕವಿರಬಹುದೇ? ಹಾಗಿದ್ದರೆ ಜಪಾನಿಯಲ್ಲಿ ಅದು ಹೇಗೆ ಹುಟ್ಟಿತು?

‘ಹೊಡೆದಾಟ’ದ ಜಾಡಿನಲ್ಲಿ ಹೋದರೆ ‘ಕೊಂದಾಟ’ ಸಿಗುತ್ತದೆ, ‘ತಳ್ಳಾಟ’ದ ಜಾಡಿನಲ್ಲಿ ‘ಕೊಲ್ಲಾಟ’. ಎರಡನೆಯದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದಾಗ ಅಡುಗೆಮನೆಯಿಂದ ‘ಎಲ್ಲಿ ಕೋಲಾಟ?’ ಎಂಬ ಪ್ರಶ್ನೆ ಬಂತು. ಅಲ್ಲಿಗೆ ಅದರ ಕಥೆ ಮುಗಿಯಿತು. ಉಳಿದದ್ದು ಕೊಂದಾಟ. ಅದರ ಪಕ್ಕದಲ್ಲೇ ‘ಕೊಂಡಾಟ’ ಕುಳಿತಿದೆ. ಕೊಂಡಾಡುವುದು ಹೊಗಳುವುದು, ಕರಾವಳಿಯ ಕಡೆ ಮಗುವನ್ನು ಮುದ್ದು ಮಾಡುವುದಕ್ಕೂ ಕೊಂಡಾಟ ಎನ್ನುತ್ತಾರೆ. ಮಕ್ಕಳ ಕೈಯಲ್ಲಿ ಮಕ್ಕಳನ್ನು ಕೊಲ್ಲಿಸುವ ಚಿತ್ರಕ್ಕೆ ಇಂಥ ನೆರೆಮನೆ! ನನಗೆ ಇದು ಪದದ ದೋಷವಲ್ಲ, ಗುಣ ಎಂದೇ ಅನ್ನಿಸುತ್ತಿದೆ. ಮೇಲಾಗಿ ‘ಆಟ’ ಎಂಬುದೂ ಬಿಡಿಯಾಗಿ ಕಿವಿಗೆ ಬೀಳುತ್ತದೆ. ನಾಯಕ ನನಹರಾನ ಚೀಲದಲ್ಲಿ ಆಯುಧವೆಂದು ಇರುವುದು ಪಾತ್ರೆಯ ಮುಚ್ಚಳ. ಸರ್ಕಾರಕ್ಕೆ ಇದು ಆಟವೇ.

ಬೇರೆ ದಾರಿಗಳನ್ನು ನೋಡದೆ ಇಲ್ಲ. ‘ಒಬ್ಬರನ್ನೊಬ್ಬರು ಕೊಂದುಕೊಳ್ಳುವುದು’ ವ್ಯಾಕರಣಕ್ಕೆ ಸರಿ, ಆದರೆ ‘ಒಬ್ಬರನ್ನೊಬ್ಬರು’ ತೆಗೆದರೆ ಆತ್ಮಹತ್ಯೆಯ ಅರ್ಥ ಇಣುಕುತ್ತದೆ. ಚಿತ್ರದಲ್ಲಿ ಆಟವನ್ನೇ ನಿರಾಕರಿಸಿ ಪ್ರಾಣ ಬಿಡುವ ಜೋಡಿಯೂ ಇರುವುದರಿಂದ ಈ ಎರಡನ್ನು ಕಲಸಬಾರದು. ಹಿರಿಯರೊಬ್ಬರು ‘ಯಾದವೀ ಕಲಹ’ ಸೂಚಿಸಿದರು. ಚೆನ್ನಾಗಿದೆ. ಆದರೆ ಯಾದವರು ಕುಡಿದ ಅಮಲಿನಲ್ಲಿ, ಶಾಪದ ಬಲದಿಂದ ಜೊಂಡು ಕಿತ್ತು ಬಡಿದುಕೊಂಡರು. ಈ ಮಕ್ಕಳ ಮೇಲೆ ಇರುವುದು ಶಾಪವಲ್ಲ, ‘ಶಿನ್‌ಸೇಕಿ ಕ್ಯೋಇಕು ಕಾಯ್‌ಕಾಕು ಹೋ’, ಅಂದರೆ ಹೊಸ ಶತಮಾನದ ಶಿಕ್ಷಣ ಸುಧಾರಣಾ ಕಾಯ್ದೆ. ಇದನ್ನು ಅನುವಾದಿಸಲು ಅರೆ ನಿಮಿಷವೂ ಬೇಕಾಗಲಿಲ್ಲ. ಕಚೇರಿಯ ಕನ್ನಡ ಸಿದ್ಧವಾಗಿ ನಿಂತಿತ್ತು.

ಶೀರ್ಷಿಕೆಯ ಬಗ್ಗೆಯೂ ಒಂದು ಮಾತು. ‘ಬ್ಯಾಟಲ್ ರಾಯಲ್’ ಎನ್ನುವುದು ಹಿಂದೆ ಹಲವು ಹುಂಜಗಳನ್ನು ಒಂದೇ ಕಣಕ್ಕೆ ಬಿಟ್ಟು ಕೊನೆಗೆ ಉಳಿದದ್ದನ್ನು ಗೆದ್ದಿತೆನ್ನುವ ಕಾಳಗದ ಹೆಸರು. ಆಮೇಲೆ ಕುಸ್ತಿಯ ಅಖಾಡಕ್ಕೂ ಬಂತು. ಮೂಲ ಕಾದಂಬರಿಯನ್ನು 1999ರಲ್ಲಿ ಪ್ರಕಟಿಸಿದ ಕೌಶುನ್ ತಕಾಮಿ ಜಪಾನಿ ಕುಸ್ತಿಯವರ ಉಚ್ಚಾರವನ್ನು ಬಿಟ್ಟು ಫ್ರೆಂಚ್ ಛಾಯೆಯ ‘ರೊವಾಯಿಯಾರು’ ಇಟ್ಟುಕೊಂಡರು. ಹುಂಜ ಎಂದೊಡನೆ ನಮ್ಮ ಕೋಳಿ ಅಂಕ ನೆನಪಾಗದೆ ಇರದು. ಅಂಕ ಎಂದರೆ ಕಾಳಗ, ಹಳಗನ್ನಡದ ‘ಅಂಕಕಾರ’ ಕಾದುವ ವೀರ. ಅದೇ ಅಂಕ ಪರೀಕ್ಷೆಯಲ್ಲಿ ಬರುವ ಅಂಕವೂ ಹೌದು, ನಾಟಕದ ಅಂಕವೂ ಹೌದು. ಪ್ರವೇಶ ಪರೀಕ್ಷೆಯ ಪೈಪೋಟಿಗೆ ‘ಜುಕೆನ್ ಸೆನ್ಸೋ’, ಅಂದರೆ ಪರೀಕ್ಷಾ ಯುದ್ಧ ಎಂದೇ ಹೆಸರಿಟ್ಟ ನಾಡಿನ ಶಾಲಾ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಶ್ಲೇಷೆ ಎಲ್ಲಿ ಸಿಗಬೇಕು? ಆದರೆ ಕೋಳಿ ಅಂಕದಲ್ಲಿ ಕಾದುವುದು ಎರಡೇ ಹುಂಜ. ಹೀಗಾಗಿ ಟಿಪ್ಪಣಿಯ ತಲೆಬರಹಕ್ಕಷ್ಟೇ ‘ಕೊನೆಯ ಅಂಕ’ ಎಂದು ಇಟ್ಟುಕೊಂಡಿದ್ದೇನೆ.

‘ಡಿಸ್ಟೋಪಿಯಾ’ಕ್ಕೆ, ಅಂದರೆ ಎಲ್ಲವೂ ಕೆಟ್ಟುಹೋದ ಕಲ್ಪನೆಯ ನಾಡಿಗೆ, ಸಂಸ್ಕೃತದಿಂದ ಕಟ್ಟಿದ ಪದಗಳು ಯಾವುವೂ ನನ್ನ ನಾಲಗೆಗೆ ಹತ್ತಲಿಲ್ಲ. ‘ಹಾಳೂರು’ ಎಂದು ಬರೆದು ಮುಂದೆ ಹೋದೆ. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯಲ್ಲಿ ಇಡೀ ಕಾಯ್ದೆಯೇ ಅಡಗಿದೆ.

‘ಸರ್ವೈವ್’ ಆಗುವುದಕ್ಕೆ ಮಾತ್ರ ಪತ್ರಿಕೆಗಳ ‘ಬದುಕುಳಿ’ಯನ್ನು ಕಣ್ಣು ಮುಚ್ಚಿ ಒಪ್ಪಿದೆ. ಜಪಾನಿಯ ‘ಇಕಿನೊಕೊರು’ ಕೂಡ ಬದುಕು, ಉಳಿ ಎಂಬ ಎರಡು ಕ್ರಿಯೆಗಳ ಬೆಸುಗೆಯೇ. ಫುಕಾಸಾಕು 1945ರಲ್ಲಿ 15ರ ಹುಡುಗನಾಗಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಹಡಗುಗಳಿಂದ ಫಿರಂಗಿ ದಾಳಿಯಾಯಿತು. ಓಡಲು ಎಡೆಯಿಲ್ಲದ ಮಕ್ಕಳು ಒಬ್ಬರ ಅಡಿಯಲ್ಲೊಬ್ಬರು ಅಡಗಿದರು. ಬದುಕಿದವರು ಗೆಳೆಯರ ಹೆಣಗಳನ್ನು ಎತ್ತಬೇಕಾಯಿತು. 70ರ ವಯಸ್ಸಿನಲ್ಲಿ ಈ ಚಿತ್ರ ಮಾಡುವಾಗ ಅವರೇ ಹೇಳಿಕೊಂಡ ನೆನಪು ಇದು. ‘ಪಾರಾದ’, ‘ಗೆದ್ದ’ ಎಂಬ ಪದಗಳನ್ನು ಟಿಪ್ಪಣಿಯಿಂದ ಅಂದೇ ಹೊಡೆದುಹಾಕಿದೆ.

ಈಗ ಬಳಗಕ್ಕೆ ಪ್ರಶ್ನೆ. ‘ಕೊಂದಾಡು’ ಅಥವಾ ‘ಕೊಂದಾಟ’ ಎಂಬ ರೂಪವನ್ನು ಹಳೆಯ ಕಾವ್ಯದಲ್ಲಿ, ಶಾಸನದಲ್ಲಿ, ಲಾವಣಿಯಲ್ಲಿ ಯಾರಾದರೂ ಕಂಡಿದ್ದೀರಾ? ನಿಮ್ಮ ಊರಿನ ಮಾತಿನಲ್ಲಿ ಕೇಳಿದ್ದೀರಾ? ಇಲ್ಲವಾದರೆ, ಹೊಸದಾಗಿ ಓದಿದಾಗ ಅರ್ಥ ತಾನಾಗಿ ಹೊಳೆಯುತ್ತದೆಯೇ, ಇಲ್ಲ ಅಚ್ಚಿನ ತಪ್ಪೆಂದು ತೋರುತ್ತದೆಯೇ? ಟಿಪ್ಪಣಿ ಗುರುವಾರ ಮುದ್ರಣಕ್ಕೆ ಹೋಗುತ್ತದೆ. ಕರಡು ತಿದ್ದುವವರಿಗೆ ಆ ‘ದಾ’ವನ್ನು ‘ಡಾ’ ಮಾಡಬೇಡಿ ಎಂದು ಈಗಾಗಲೇ ಎರಡು ಬಾರಿ ಹೇಳಿದ್ದೇನೆ.