ಸೇತುವೆಯ ಆ ಕಡೆ ಫ್ರಾನ್ಸ್: ಸ್ಯಾಂ ಜ್ಯಾಂಗೋಲ್ಫ್ ಎಂಥಾ ಊರು?

ಹಿರೋಡೆ ಅಜ್ಜಿ (ಪಾಂಡವಪುರ):

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಿನಲ್ಲಿ ಮಗಳ ಬಾಣಂತನಕ್ಕೆ ಸ್ವಿಟ್ಜರ್ಲೆಂಡಿಗೆ ಹೋಗುತ್ತಿದ್ದೇನೆ. ಅಳಿಯ ಅಲ್ಲಿ ಕೆಲಸದಲ್ಲಿದ್ದಾರೆ. ಊರಿನ ಹೆಸರು ಸ್ಯಾಂ ಜ್ಯಾಂಗೋಲ್ಫ್, ದೊಡ್ಡ ಸರೋವರದ ದಡದಲ್ಲಿದೆ. ಮನೆಯಿಂದ ನಾಲ್ಕು ಹೆಜ್ಜೆ ಹಾಕಿದರೆ ಒಂದು ಸೇತುವೆ, ಅದನ್ನು ದಾಟಿದರೆ ಫ್ರಾನ್ಸ್ ಅಂತೆ. ಆ ಕಡೆಯ ಊರಿಗೂ ಇದೇ ಹೆಸರಂತೆ! ತರಕಾರಿ, ಬ್ರೆಡ್ ಎಲ್ಲ ಅಲ್ಲಿಂದಲೇ ತರುತ್ತಾರಂತೆ.

ಒಂದೇ ಊರು ಎರಡು ದೇಶದಲ್ಲಿ ಯಾಕಿದೆ? ಅಲ್ಲಿಯ ಜನ ಹೇಗೆ? ಸೇತುವೆ ದಾಟುವಾಗ ಯಾರಾದರೂ ಹಿಡಿದು ಕೇಳುತ್ತಾರಾ? ಮಗಳನ್ನು ಕೇಳಿದರೆ "ಬಂದು ನೋಡಮ್ಮ" ಅಂತಾಳೆ. ಹೋಗುವ ಊರಿನ ಪೂರ್ವಾಪರ ಗೊತ್ತಿಲ್ಲದೆ ನಾನು ಹೆಣ್ಣು ಕೊಡುವ ಮನೆಗೂ ಹೋದವಳಲ್ಲ. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕುವೆಂಪುನಗರದವನು:

ಅಮ್ಮ, ಸರಿಯಾದ ಊರಿಗೇ ಹೋಗುತ್ತಿದ್ದೀರಿ. ನಾನು ಕೆಲವು ವರ್ಷ ವೆವೆಯಲ್ಲಿ ಕೆಲಸದಲ್ಲಿದ್ದೆ. ಅದು ಸರೋವರದ ಎದುರು ದಡ. ಬೇಸಿಗೆಯಲ್ಲಿ ದೋಣಿ ಹತ್ತಿದರೆ ಸ್ಯಾಂ ಜ್ಯಾಂಗೋಲ್ಫಿನಲ್ಲೇ ಇಳಿಯಬಹುದು. ಭಾನುವಾರ ಸ್ವಿಸ್ ಕಡೆ ಅಂಗಡಿಗಳೆಲ್ಲ ಬಂದ್, ಫ್ರಾನ್ಸ್ ಕಡೆ ಬೆಳಗ್ಗೆ ಬೇಕರಿ ತೆರೆದಿರುತ್ತಿತ್ತು. ನಿಜ ಹೇಳಬೇಕೆಂದರೆ ನಾನು ಮೊದಲು ಹೋಗಿದ್ದು ಇತಿಹಾಸಕ್ಕಲ್ಲ, ಬ್ರೆಡ್ಡಿಗೆ.

ಎರಡು ದೇಶದ ನಡುವೆ ಹರಿಯುವ ನದಿಯ ಹೆಸರು ಮೋರ್ಜ್. ನದಿ ಅಂದರೆ ಕಾವೇರಿಯನ್ನು ನೆನೆಸಿಕೊಳ್ಳಬೇಡಿ. ಬೆಟ್ಟದಿಂದ ಧುಮುಕಿ ಊರಿನ ಮಧ್ಯೆ ನುಗ್ಗಿ ಸರೋವರ ಸೇರುವ ಸಣ್ಣ ತೊರೆ ಅಷ್ಟೆ. ಈ ತೊರೆಯನ್ನೇ ಗಡಿ ಅಂತ ಗುರುತು ಮಾಡಿದ್ದು 1569ರಲ್ಲಿ. ಅದಕ್ಕೂ ಮೊದಲು, 1536ರಲ್ಲಿ, ಈಗ ಸ್ವಿಟ್ಜರ್ಲೆಂಡಿನ ಪ್ರಾಂತ್ಯಗಳಾಗಿರುವ ಬರ್ನ್ ಮತ್ತು ವಾಲೇ ಸೀಮೆಯವರು, ಆಗ ಬೇರೆಯೇ ರಾಜ್ಯವಾಗಿದ್ದ ಸವಾಯ್‌ನ ದೊರೆಯ ನೆಲಕ್ಕೆ ನುಗ್ಗಿ ಈ ದಡವನ್ನೆಲ್ಲ ಹಿಡಿದಿದ್ದರು. ಆಮೇಲೆ ತೊನೋಂ ಎಂಬಲ್ಲಿ ಒಪ್ಪಂದವಾಯಿತು. ಮೋರ್ಜಿನ ಪಶ್ಚಿಮಕ್ಕಿದ್ದದ್ದು ವಾಪಸ್ ಸವಾಯ್‌ಗೆ, ಪೂರ್ವಕ್ಕಿದ್ದದ್ದು ವಾಲೇಗೆ. ಊರವರನ್ನು ಯಾರೂ ಕೇಳಿದಂತಿಲ್ಲ.

ನನಗೆ ಇಷ್ಟವಾದದ್ದು ಇದಾದ ಮೇಲಿನ ಕತೆ. ಊರು ಎರಡಾಯಿತು, ಆದರೆ ಎಲ್ಲವೂ ಎರಡಾಗಲಿಲ್ಲ. ಚರ್ಚು ಒಂದೇ, ಸ್ಮಶಾನವೂ ಒಂದೇ. ಎರಡೂ ಇರುವುದು ಫ್ರಾನ್ಸಿನ ಕಡೆ. ಸ್ವಿಸ್ ಕಡೆ ತೀರಿಕೊಂಡವರನ್ನೂ ಸೇತುವೆ ದಾಟಿಸಿ ಮಣ್ಣು ಮಾಡುತ್ತಾರೆ. ಕಾಡು ಮತ್ತು ಬೆಟ್ಟದ ಮೇಲಿನ ಹುಲ್ಲುಗಾವಲು ಕೂಡ ಒಂದೇ. ನಮ್ಮಲ್ಲಿ ಎರಡು ಹಳ್ಳಿಗೆ ಸೇರಿ ಒಂದು ಗೋಮಾಳ ಇರುತ್ತದಲ್ಲ, ಹಾಗೆ. ಹಳೆಯ ಮನೆತನದವರೆಲ್ಲ ಸೇರಿದ ಒಂದು ಸಂಘ ಇವತ್ತಿಗೂ ಅದನ್ನು ನೋಡಿಕೊಳ್ಳುತ್ತದೆ. ಅದರಲ್ಲಿ ಸ್ವಿಸ್‌ನವರೂ ಇದ್ದಾರೆ, ಫ್ರೆಂಚರೂ ಇದ್ದಾರೆ. ಗಡಿ ಎಳೆದ ದೊರೆಗಳಿಗೆ ಬೇಕಿದ್ದದ್ದು ದಡದ ದಾರಿ, ಸುಂಕ. ಗುಡ್ಡದ ಮೇಲಿನ ಹುಲ್ಲು ಯಾರಿಗೆ ಸೇರಬೇಕೆಂದು ತಲೆ ಕೆಡಿಸಿಕೊಳ್ಳಲಿಲ್ಲ ಅಂತ ನನ್ನ ಅಂದಾಜು. ಊರು ಒಡೆದುಹೋಗದೆ ಉಳಿದದ್ದು ಆ ಹುಲ್ಲಿನಿಂದ ಅಂತಲೇ ನಾನು ತಿಳಿದಿದ್ದೇನೆ.

ಹಿಂದೆ ಈ ದಡದ ಜನ ದೋಣಿಯ ಮೇಲೆ ಬದುಕಿದವರು. ಪಕ್ಕದ ಮೆಯ್ಯೆರಿಯಲ್ಲಿ ಕಲ್ಲಿನ ಗಣಿಗಳಿದ್ದವು. ಆ ಕಲ್ಲನ್ನು ಅಗಲವಾದ ಹಾಯಿದೋಣಿಗಳಲ್ಲಿ ಹೇರಿ ಜಿನೀವಾಕ್ಕೆ ಒಯ್ಯುತ್ತಿದ್ದರು. ಸ್ವಿಸ್ ಕಡೆಯ ಹಳೆಯ ಕೋಟೆಮನೆಯಲ್ಲಿ ಈ ದೋಣಿಗಳದೇ ಒಂದು ಮ್ಯೂಸಿಯಂ ಇದೆ. ಮಗು ಮಲಗಿದ ಹೊತ್ತಿನಲ್ಲಿ ಒಂದು ಸಲ ಹೋಗಿ ಬನ್ನಿ.

ಇನ್ನು 1944, ಎರಡನೇ ಮಹಾಯುದ್ಧದ ಕಾಲ. ಇದನ್ನು ಬಾಣಂತನಕ್ಕೆ ಹೊರಟವರಿಗೆ ಹೇಳಬೇಕಾ ಅಂತ ಯೋಚಿಸಿದೆ. ಆದರೆ ಅಲ್ಲಿ ಹೋದ ಮೇಲೆ ಸ್ಮಾರಕ ಕಣ್ಣಿಗೆ ಬಿದ್ದೇ ಬೀಳುತ್ತದೆ. 1943ರ ಸೆಪ್ಟೆಂಬರಿನಲ್ಲಿ, ಅಲ್ಲಿಯವರೆಗೆ ಆ ಸೀಮೆಯನ್ನು ಹಿಡಿದಿದ್ದ ಇಟಲಿಯವರು ಶರಣಾದ ಮೇಲೆ ಫ್ರಾನ್ಸ್ ಕಡೆಯ ಊರಿಗೆ ಜರ್ಮನ್ನರು ಬಂದು ಕೂತರು. 1944ರ ಜುಲೈ 22ರಂದು ಜರ್ಮನ್ನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಫ್ರೆಂಚ್ ಪ್ರತಿರೋಧದ ಹುಡುಗರು ಬೆಟ್ಟದಿಂದ ಇಳಿದು ಜರ್ಮನ್ ಠಾಣೆಯ ಮೇಲೆ ಗುಂಡು ಹಾರಿಸಿದರು. ಸೇಡು ಬರುತ್ತದೆ ಅಂತ ಊರಿಗೆ ಗೊತ್ತಿತ್ತು. ಜನ ಮಕ್ಕಳು ಮರಿ ಕಟ್ಟಿಕೊಂಡು ಸೇತುವೆ ದಾಟಿ ಸ್ವಿಸ್ ಕಡೆ ಸೇರಿದರು. ಮರುದಿನ ಹಿಟ್ಲರನ ನಾತ್ಸಿ ಪಕ್ಷದ ಎಸ್‌ಎಸ್ ಪಡೆ ಬಂದು ಮನೆಗಳಿಗೆ ಬೆಂಕಿ ಇಟ್ಟಿತು. ಹಿಂದೆ ಉಳಿದಿದ್ದ ಕೆಲವರನ್ನು ಹಿಡಿದು ಗುಂಡಿಟ್ಟು ಕೊಂದರು. ಎರಡೂ ಕಡೆಯವರಿಗೆ ಒಬ್ಬರೇ ಆಗಿದ್ದ ಚರ್ಚಿನ ಪಾದ್ರಿಯೂ ಅವರಲ್ಲಿದ್ದರು. ಬೆಂಕಿ ಆರಿಸಲು ಸ್ವಿಸ್ ಅಗ್ನಿಶಾಮಕದವರು ಬಂದರು.

ಫ್ರಾನ್ಸ್ ಕಡೆ ನಡೆಯುವಾಗ ಕೆಲವು ಮನೆಗಳು ಅಷ್ಟು ಹಳೆಯದಲ್ಲ ಅಂತ ಅನ್ನಿಸಿದರೆ ಇದು ನೆನಪಿರಲಿ.

ಗಂಜಾಂ ಮೇಷ್ಟ್ರು (ಶ್ರೀರಂಗಪಟ್ಟಣ):

ಕುವೆಂಪುನಗರದವರು ಚೆನ್ನಾಗಿ ಹೇಳಿದ್ದಾರೆ. ಒಂದೇ ಮಾತು ಸೇರಿಸುತ್ತೇನೆ. 1569ರಲ್ಲಿ ಆ ಕಡೆ ಫ್ರಾನ್ಸ್ ಇರಲಿಲ್ಲ, ಸವಾಯ್ ಇತ್ತು. 1792ರಲ್ಲಿ ಕ್ರಾಂತಿಯ ಸೇನೆ ಬಂದು ಸವಾಯನ್ನು ಫ್ರಾನ್ಸಿಗೆ ಸೇರಿಸಿಕೊಂಡಿತು. ನೆಪೋಲಿಯನ್ ಬಿದ್ದ ಮೇಲೆ ಅದು ಮತ್ತೆ ಕೈ ಬದಲಾಯಿತು. ಗಟ್ಟಿಯಾಗಿ ಫ್ರಾನ್ಸಿನದಾಗಿದ್ದು 1860ರಲ್ಲಿ, ಟ್ಯೂರಿನ್ ಒಪ್ಪಂದ ಮತ್ತು ಜನಮತದ ನಂತರ. ನಡುವೆ 1810ರಿಂದ ಕೆಲವು ವರ್ಷ ವಾಲೇ ಕೂಡ ನೆಪೋಲಿಯನ್ ಕೈಯಲ್ಲಿತ್ತು. ಆಗ ಆ ಸೇತುವೆಯ ಎರಡೂ ತುದಿ ಫ್ರಾನ್ಸೇ! ದಡದುದ್ದಕ್ಕೂ ಇರುವ ಗಾಡಿ ರಸ್ತೆಯೂ ಅವನ ಕಾಲದ್ದು. ಸಿಂಪ್ಲಾನ್ ಕಣಿವೆ ದಾಟಿ ಇಟಲಿಗೆ ಫಿರಂಗಿ ಸಾಗಿಸಬೇಕಿತ್ತು.

ಅಜ್ಜಿ, ನೀವು ಪಾಂಡವಪುರದವರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ನಿಮ್ಮ ಹಿರೋಡೆಯಲ್ಲೇ ಬಿಡಾರ ಹೂಡಿದ್ದರು. ಬ್ರಿಟಿಷರು ಅದಕ್ಕೇ ಫ್ರೆಂಚ್ ರಾಕ್ಸ್ ಅಂದರು. ಅಲ್ಲಿ ಯಾರಾದರೂ ಊರು ಯಾವುದು ಅಂತ ಕೇಳಿದರೆ ಧೈರ್ಯವಾಗಿ ಹೇಳಿ, ಮಾತು ಶುರುವಾಗುತ್ತೆ.

ಬನ್ನೂರು ಹುಡುಗ:

ಇತಿಹಾಸ ಸರಿ ಸಾರ್, ಅಜ್ಜಿ ಕೇಳಿದ್ದು ಹಿಡಿದು ಕೇಳ್ತಾರಾ ಅಂತ. 2008ರ ಡಿಸೆಂಬರಿನಿಂದ ಸ್ವಿಟ್ಜರ್ಲೆಂಡ್ ಷೆಂಗೆನ್ ಒಳಗಿದೆ, ಅಂದರೆ ಒಳಗಡಿಗಳಲ್ಲಿ ದಿನನಿತ್ಯದ ಪಾಸ್‌ಪೋರ್ಟ್ ತಪಾಸಣೆ ಬಿಟ್ಟ ಯುರೋಪಿನ ದೇಶಗಳ ಗುಂಪು. ಒಂದೇ ವೀಸಾ ಎರಡೂ ಕಡೆ ನಡೆಯುತ್ತೆ. ನೀವು ಉಳಿಯೋದು ಸ್ವಿಸ್ ಕಡೆ ಆದ್ದರಿಂದ ಸ್ವಿಸ್ ವೀಸಾಕ್ಕೇ ಅರ್ಜಿ ಹಾಕಿ. 180 ದಿನದಲ್ಲಿ 90 ದಿನ ಮಾತ್ರ ಇರಬಹುದು, ಬಾಣಂತನಕ್ಕೆ ಸರಿಹೋಗುತ್ತೆ ಅಲ್ವಾ? ದಿನಾ ಯಾರೂ ತಡೆಯೋದಿಲ್ಲ, ಆದರೆ ಪಾಸ್‌ಪೋರ್ಟ್ ಬ್ಯಾಗಲ್ಲೇ ಇರಲಿ.

ಕಸ್ಟಮ್ಸ್ ಮಾತ್ರ ಬೇರೆ ಕತೆ. ಫ್ರಾನ್ಸಿನಿಂದ ಬೆಣ್ಣೆ ತಂದರೆ ತಲೆಗೆ 1 ಕೆಜಿ, ಅದಕ್ಕಿಂತ ಜಾಸ್ತಿಯಾದರೆ ಸುಂಕ. 2025ರಿಂದ ದಿನಕ್ಕೆ ಒಬ್ಬರಿಗೆ 150 ಫ್ರಾಂಕ್ ಮೀರಿದ ಸಾಮಾನಿಗೆ ತೆರಿಗೆ ಬೇರೆ. ಆ ಕಡೆ ಯೂರೋ, ಈ ಕಡೆ ಫ್ರಾಂಕ್, ಪರ್ಸಲ್ಲಿ ಎರಡೂ ಇಟ್ಟುಕೊಳ್ಳಿ. ರೈಲಲ್ಲಿ ಬರೋದಾದರೆ ಸ್ವಿಸ್ ಕಡೆಯಿಂದಲೇ ಬರಬೇಕು. ಫ್ರಾನ್ಸಿನ ಎವಿಯಾಂ ಊರಿನ ಕಡೆಯ ಹಳಿ ಮೇಲೆ ಗಿಡ ಬೆಳೆದಿದೆ.

ಹಿರೋಡೆ ಅಜ್ಜಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಪಾದ್ರಿಯ ವಿಷಯ ಓದಿ ಹೊಟ್ಟೆ ಚುರುಕ್ ಅಂತು. ಸ್ಮಶಾನಕ್ಕೆ ಒಂದು ದಿನ ಹೋಗಿ ಹೂವಿಟ್ಟು ಬರುತ್ತೇನೆ, ಮಗಳು ಬೇಡ ಅಂದರೂ.

ಮೇಷ್ಟ್ರೇ, ನಮ್ಮತ್ತೆ ಕೊನೆವರೆಗೂ ರೈಲ್ವೆ ಸ್ಟೇಷನ್ನಿಗೆ ಫ್ರೆಂಚ್‌ರಾಕ್ಸ್ ಅಂತಲೇ ಅನ್ನುತ್ತಿದ್ದರು.

ಈಗ ಕೆಲಸದ ಮಾತು. ಅಂಟಿನುಂಡೆ ಮಾಡಿಕೊಂಡು ಹೋಗಬೇಕು ಅಂತಿದ್ದೆ. ತುಪ್ಪ ಒಯ್ಯಬಹುದಾ?

ಬನ್ನೂರು ಹುಡುಗ:

ಬೇಡ ಅಜ್ಜಿ. ಇಲ್ಲಿಂದ ಹಾಲು, ತುಪ್ಪ, ಮಾಂಸದ ಪದಾರ್ಥ ಒಯ್ಯಲು ಬಿಡುವುದಿಲ್ಲ. ಸಿಕ್ಕರೆ ಏರ್‌ಪೋರ್ಟಲ್ಲೇ ಕಿತ್ತುಕೊಳ್ಳುತ್ತಾರೆ.

ಕುವೆಂಪುನಗರದವನು:

ಅಂಟು, ಒಣ ಶುಂಠಿ, ಮೆಣಸು ಇಷ್ಟು ಇಲ್ಲಿಂದ ತಗೊಂಡು ಹೋಗಿ. ಕೊಬ್ಬರಿಯನ್ನು ಮನೆಯಲ್ಲೇ ತುರಿದು ಪ್ಯಾಕ್ ಮಾಡಿ. ಬೆಣ್ಣೆಯನ್ನು ಫ್ರಾನ್ಸ್ ಕಡೆಯ ಅಂಗಡಿಯಲ್ಲಿ ತಂದು ಕಾಯಿಸಿ. ಉಪ್ಪು ಹಾಕದ್ದನ್ನೇ ಕೇಳಿ ತಗೊಳ್ಳಿ, ಉಪ್ಪು ಹಾಕಿದ್ದೂ ಅಲ್ಲಿ ಮಾರುತ್ತಾರೆ. ತುಪ್ಪ ನಮ್ಮ ಬೆಣ್ಣೆಯಷ್ಟೇ ಚೆನ್ನಾಗಿ ಬರುತ್ತೆ. ನಾನು ಬನ್ನೂರಿನವರ ಮುಂದೆ ಇದನ್ನು ಹೇಳಬಾರದೇನೋ.

ಹಿರೋಡೆ ಅಜ್ಜಿ:

ಅಳಿಯನನ್ನೂ ಕರೆದುಕೊಂಡು ಹೋದರೆ 2 ಕೆಜಿ ಆಯಿತಲ್ಲ!