ಚಾರ್ಮೌತ್ ತೀರದ ಕಪ್ಪು ಬಿಲ್ಲೆ: ಮೂಳೆಯೋ, ಬರೀ ಕಲ್ಲೋ?

ಪ್ರಶ್ನೆ (ಅಲೆಗುರುತು):
ಇಂಗ್ಲೆಂಡಿನ ಡಾರ್ಸೆಟ್, ಚಾರ್ಮೌತ್ ಕಡಲತೀರದ ಜಲ್ಲಿಯಲ್ಲಿ ಸಡಿಲವಾಗಿ ಬಿದ್ದಿದ್ದ ತುಂಡು. ಹೆಚ್ಚುಕಡಿಮೆ ಕೇರಂ ಸ್ಟ್ರೈಕರ್ ಗಾತ್ರ: ಅಗಲ 4 ಸೆಂ.ಮೀ., ದಪ್ಪ 1.5 ಸೆಂ.ಮೀ. ಎರಡೂ ಮುಖ ಒಳಕ್ಕೆ ಕುಳಿಬಿದ್ದಿವೆ, ಒಂದು ಅಂಚು ಮುರಿದಿದೆ. ಏನಿದು? ವಿನೆಗರ್‌ನಲ್ಲಿ ತೊಳೆಯಬಹುದೇ?

ಕಲ್ಲುಮಣ್ಣು:
ಮುರಿದ ಅಂಚನ್ನು ಒದ್ದೆ ಮಾಡಿ 10 ಪಟ್ಟಿನ ಮಸೂರದಲ್ಲಿ ನೋಡಿ. ಸ್ಪಂಜಿನಂಥ ಸಣ್ಣ ರಂಧ್ರಗಳಿದ್ದರೆ ಮೂಳೆ. ಒಂದೇ ಸಮನೆ ನುಣುಪಾಗಿದ್ದರೆ ಸುಣ್ಣಕಲ್ಲಿನ ಉಂಡೆ. ಮೂಳೆಯಾದರೆ, ಎರಡೂ ಕಡೆ ಆಳವಾದ ಕುಳಿಯಿರುವ ತೆಳು ಬಿಲ್ಲೆ ಇಕ್ತಿಯೋಸಾರ್ ಎಂಬ ಕಡಲ ಸರೀಸೃಪದ ಬೆನ್ನುಮಣಿಯೇ. ಪ್ಲೀಸಿಯೋಸಾರ್ ಎಂಬ ಇನ್ನೊಂದು ಕಡಲ ಸರೀಸೃಪದ್ದು ಇನ್ನೂ ದಪ್ಪ, ಮುಖಗಳು ಬಹುಮಟ್ಟಿಗೆ ಚಪ್ಪಟೆ, ಅಡಿಯಲ್ಲಿ ಸಾಮಾನ್ಯವಾಗಿ ಜೋಡಿ ತೂತು. ಪಕ್ಕದಲ್ಲಿ ಪಕ್ಕೆಲುಬು ಕೂರುವ ಗುಬಟುಗಳಿವೆಯೇ?

ಅಲೆಗುರುತು:
ರಂಧ್ರಗಳಿವೆ. ಒಂದು ಪಕ್ಕದಲ್ಲಿ ಎರಡು ಗುಬಟು ಕಾಣುತ್ತಿವೆ.

ಕಲ್ಲುಮಣ್ಣು:
ಹಾಗಾದರೆ ಇಕ್ತಿಯೋಸಾರ್. ಜಾತಿ ಮಾತ್ರ ಒಂದು ಮಣಿಯಿಂದ ಹೇಳಲಾಗದು, ಹೇಳುವವರನ್ನು ನಂಬಬೇಡಿ.

ಉಪ್ಪುನೀರು:
ವಿನೆಗರ್ ಬೇಡವೇ ಬೇಡ. ರಂಧ್ರಗಳಲ್ಲಿ ತುಂಬಿರುವ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ಕರಗಿ ತುಂಡು ಉದುರುತ್ತದೆ. ಸಿಹಿನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸುತ್ತಾ ಒಂದು ವಾರ ಬಿಡಿ. ಉಪ್ಪು ಉಳಿದರೆ ಒಣಗುವಾಗ ಹರಳುಗಟ್ಟಿ ಮೇಲ್ಮೈಯನ್ನು ಸೀಳುತ್ತದೆ. ಆಮೇಲೆ ನೆರಳಲ್ಲಿ ನಿಧಾನವಾಗಿ ಒಣಗಿಸಿ. ಹಿತ್ತಾಳೆ ಹೊಳಪಿನ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಕಂಡರೆ ಇಷ್ಟು ದಿನ ನೆನೆಸಬೇಡಿ. ತೇವಕ್ಕೆ ಅದು ಆಮ್ಲವಾಗಿ ಮೂಳೆಯನ್ನೇ ತಿನ್ನುತ್ತದೆ. ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿಡಿ.

ಅಂದಹಾಗೆ, ಇನ್ನಷ್ಟು ಮಣಿ ಸಿಗಬಹುದೆಂದು ತೀರದ ಕಡಿದಾದ ಬಂಡೆಗೋಡೆಯ ಬುಡ ಕೆದಕಬೇಡಿ, ಮಳೆಯ ನಂತರ ಅಲ್ಲಿ ಕುಸಿತ ಹೆಚ್ಚು. ಸಿಕ್ಕ ಜಾಗದ ಫೋಟೊ ಇದ್ದರೆ ಚಾರ್ಮೌತ್ ಹೆರಿಟೇಜ್ ಕೋಸ್ಟ್ ಸೆಂಟರ್‌ನಲ್ಲಿ ತುಂಡಿನ ಜೊತೆ ತೋರಿಸಿ.