ರದ್ದಿಯಿಂದ ಕೈಕಾಗದ: ಹಾಳೆ ಮುರಿಯದಿರಲು, ಶಾಯಿ ಹರಡದಿರಲು

ಪ್ರಶ್ನೆ: ಹಳೆಯ ನೋಟ್‌ಬುಕ್ಕು, ದಿನಪತ್ರಿಕೆಗಳನ್ನು ನೆನೆಸಿ ರುಬ್ಬಿ ಹಾಳೆ ಮಾಡುತ್ತಿದ್ದೇನೆ. ಮಡಿಚಿದರೆ ಮುರಿಯುತ್ತದೆ, ಬರೆದರೆ ಶಾಯಿ ಹರಡುತ್ತದೆ. ಗೃಹಪ್ರವೇಶದ ಆಮಂತ್ರಣ ಪತ್ರಿಕೆಯನ್ನು ಈ ಕಾಗದದಲ್ಲೇ ಮಾಡಬೇಕೆಂಬ ಆಸೆಯಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಮಡಿಕೆಯಲ್ಲಿ ಮುರಿಯುವುದು ನಾರಿನ ದೋಷ. ದಿನಪತ್ರಿಕೆಯ ಕಾಗದದ ನಾರು ಮೊದಲೇ ಗಿಡ್ಡವಾಗಿದ್ದು, ಮತ್ತೆ ರುಬ್ಬಿದಾಗ ಇನ್ನಷ್ಟು ತುಂಡಾಗುತ್ತದೆ; ಅದರಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶದಿಂದಾಗಿ ಹಾಳೆ ಬೇಗನೆ ಹಳದಿಯೂ ಆಗುತ್ತದೆ. ಆಮಂತ್ರಣಕ್ಕೆ ಅದನ್ನು ಪೂರ್ತಿ ಬಿಟ್ಟು, ಪಿನ್ನು ತೆಗೆದ ನೋಟ್‌ಬುಕ್ ಮತ್ತು ಜೆರಾಕ್ಸ್ ಹಾಳೆಗಳನ್ನಷ್ಟೇ ಬಳಸಿ. ಹೊಳಪಿನ ಕ್ಯಾಲೆಂಡರ್ ಕಾಗದವೂ ಬೇಡ, ಅದರ ಲೇಪದಲ್ಲಿರುವ ಜೇಡಿಪುಡಿಯಿಂದ ಹಾಳೆಗೆ ಬಲ ಬರುವುದಿಲ್ಲ. ಪುದುಚೇರಿ, ಜೈಪುರದ ಬಳಿಯ ಸಾಂಗಾನೇರ್‌ಗಳ ಕೈಕಾಗದ ಅಷ್ಟು ಗಟ್ಟಿಯಾಗಿರುವುದು ಹತ್ತಿ ಬಟ್ಟೆಯ ಚೂರುಗಳಿಂದ. ಆದರೆ ಅಲ್ಲಿ ಬಟ್ಟೆಯನ್ನು ಅರೆಯಲು ಬೀಟರ್ ಯಂತ್ರಗಳಿವೆ. ಮನೆಯ ಮಿಕ್ಸಿಗೆ ಬಟ್ಟೆ ಹಾಕಿದರೆ ದಾರ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ.

ರಾತ್ರಿಯಿಡೀ ನೆನೆದ ಕಾಗದವನ್ನು ಒಂದು ಹಿಡಿಯಷ್ಟೇ ತೆಗೆದುಕೊಂಡು, ಜಾರಿನ ತುಂಬ ನೀರಿಟ್ಟು, ಬಿಟ್ಟು ಬಿಟ್ಟು ತಿರುಗಿಸಿ. ಹೀಗೆ ರುಬ್ಬಿ ಬಂದ ತಿರುಳನ್ನು ಒಂದು ಚಮಚ ಗಾಜಿನ ಲೋಟದ ನೀರಿನಲ್ಲಿ ಕದಡಿ ಬೆಳಕಿಗೆ ಹಿಡಿದರೆ ಗಂಟುಗಳು ಕಾಣದೆ ನಾರು ಒಂದೇ ಸಮನೆ ತೇಲಬೇಕು. ಆ ಹಂತ ದಾಟಿ ರುಬ್ಬಿದಷ್ಟೂ ನಾರು ಗಿಡ್ಡವಾಗಿ ಹಾಳೆ ದುರ್ಬಲವಾಗುತ್ತದೆ.

ಉತ್ತರ 2: ಶಾಯಿ ಹರಡುವುದಕ್ಕೆ ಕಾರಣ ಹಾಳೆಗೆ ಗಂಜಿ ಹಾಕದಿರುವುದು. ಕಾರ್ನ್‌ಫ್ಲೋರ್‌ನ ತೆಳ್ಳಗಿನ ಗಂಜಿಯನ್ನು ಒಣಗಿದ ಹಾಳೆಯ ಎರಡೂ ಮೈಗೆ ಮೆತ್ತನೆಯ ಬ್ರಷ್‌ನಿಂದ ಸವರಿ ಮತ್ತೆ ಒಣಗಿಸಿ. ಇಂಕ್ ಪೆನ್ನಿಗೆ ಜೆಲಟಿನ್ ಹೆಚ್ಚು ಒಳ್ಳೆಯದು. ಅದು ಪ್ರಾಣಿಜನ್ಯವಾದ್ದರಿಂದ ಶುಭಕಾರ್ಯಕ್ಕೆ ಬೇಡವೆನಿಸಿದರೆ ಗಂಜಿ ಹಾಕಿದ ಹಾಳೆಯ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯಬಹುದು. ಗಂಜಿಗೆ ಹುಳು ಬರುವುದುಂಟು, ಆದ್ದರಿಂದ ಹಾಳೆಗಳನ್ನು ತೇವವಿಲ್ಲದ ಕಡೆ ಇಡಿ.

ಉತ್ತರ 3: ಮೇಲಿನವರು ಒತ್ತುವ ವಿಷಯ ಹೇಳಿಲ್ಲ, ನನ್ನ ಮಟ್ಟಿಗೆ ಅದೇ ಮುಖ್ಯ. ನೀರು ಆರುವಾಗ ನಾರುಗಳು ಒಂದಕ್ಕೊಂದು ತಾಗಿದ್ದರೆ ಮಾತ್ರ ಬೆಸೆದುಕೊಳ್ಳುತ್ತವೆ. ತಿರುಳನ್ನು ಹಾಳೆಯಾಗಿ ಸೋಸುವ ಜಾಲರಿ ಚೌಕಟ್ಟಿನಿಂದ ಬಟ್ಟೆಗೆ ಇಳಿಸಿದ ಹಾಳೆಗಳನ್ನು ಎರಡು ಹಲಗೆಗಳ ನಡುವೆ ಜೋಡಿಸಿ, ಮೇಲೆ ರುಬ್ಬುಗುಂಡಿನಷ್ಟು ಭಾರ ಹೇರಿ, ಒದ್ದೆಯಾದ ಬಟ್ಟೆಗಳನ್ನು ಬದಲಿಸುತ್ತ ಒಂದು ರಾತ್ರಿ ಬಿಡಿ. ಬಿಸಿಲಿಗೆ ಹಾಕಿದರೆ ಅಂಚು ಮುರುಟಿಕೊಳ್ಳುವುದರಿಂದ ನೆರಳಿನಲ್ಲೇ ಒಣಗಿಸಿ. ಗಾಜಿನ ಮೇಲೆ ಅಂಟಿಸಿ ಒಣಗಿಸಿದರೆ ಆ ಮೈ ನುಣುಪಾಗಿ ಬರೆಯಲು ಹಿತವಾಗುತ್ತದೆ. ಉಳಿದ ನೀರನ್ನು ಬಚ್ಚಲಿಗೆ ಸುರಿಯಬೇಡಿ, ತಿರುಳು ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆ. ಬಟ್ಟೆಯಲ್ಲಿ ಸೋಸಿ, ಸಿಕ್ಕ ತಿರುಳನ್ನು ಉಂಡೆ ಕಟ್ಟಿ ಒಣಗಿಸಿಟ್ಟರೆ ಮುಂದಿನ ಸಲ ನೆನೆಸಿ ಬಳಸಬಹುದು.